ಅಂಗೈಗೆ ಕೇಳಿಸಿದ ಗಿಟಾರು

ಗಿರಣಿ ಮನೆಯಲ್ಲಿ ಗುಟ್ಟು ಎಂಬುದು ನಿಲ್ಲುವುದಿಲ್ಲ. ಬೇರೆಯವರ ಮನೆಗಳಲ್ಲಿ ಗಂಡ ಹೆಂಡತಿ ಪಿಸುಗುಟ್ಟಬಹುದು, ಅತ್ತೆಯ ಮೇಲೆ ಸೊಸೆ ಒಲೆಯ ಮುಂದೆ ಕೂತು ಗೊಣಗಬಹುದು. ಶಿರಸಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಶಿವಪುತ್ರಪ್ಪನ ಗಿರಣಿಯಲ್ಲಿ ಅದೆಲ್ಲ ನಡೆಯುವ ಮಾತಲ್ಲ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಬೆಳಗಿನ ನಾಷ್ಟಾ ಮುಗಿಯುವ ಹೊತ್ತಿಗೆ ಮೋಟರು ಶುರುವಾದರೆ ದೇವರ ಮುಂದೆ ದೀಪ ಹಚ್ಚುವ ತನಕ ಎಲ್ಲರದೂ ಕೂಗಾಟವೇ. ಕೂಗಿ ಸಾಕಾದಾಗ ಕೈಸನ್ನೆ. ಎರಡು ಬೆರಳು ಉಜ್ಜಿ ತೋರಿಸಿದರೆ ಸಣ್ಣ ಹಿಟ್ಟು, ಮುಷ್ಟಿ ಅಲ್ಲಾಡಿಸಿದರೆ ರವೆ, ಬಾಯಿಯ ಹತ್ತಿರ ಬೆರಳು ಒಯ್ದರೆ ಊಟಕ್ಕೆ ಬಾ.

ಶಿವಪುತ್ರಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೆಸರು ಮಾತ್ರ ಗಿರಣಿಗೆ ಅಂಟಿಕೊಂಡಿದೆ. ಅವರ ಹೆಂಡತಿ ಪಾರ್ವತವ್ವ ಬನವಾಸಿ ಕಡೆಯಿಂದ ಮದುವೆಯಾಗಿ ಬಂದವಳು, ಅದೇ ಮೋಟರಿನ ಪಕ್ಕದಲ್ಲಿ ಕೂತು ಮುದುಕಿಯಾದಳು. ಆ ಸದ್ದು ಆಕೆಯ ಎರಡೂ ಕಿವಿಗಳನ್ನು ತಿಂದು ಹಾಕಿತು. ಹುಬ್ಬಳ್ಳಿಯಲ್ಲಿ ಮಾಡಿಸಿದ ಕಿವಿಯ ಮಷಿನ್ನು ಕುಂಯ್ ಎಂದು ಕಿರುಚುತ್ತದೆಂದು ಅದನ್ನು ಬಳೆಯ ಡಬ್ಬಿಯಲ್ಲಿಟ್ಟು ಮುಚ್ಚಿಬಿಟ್ಟಿದ್ದಾಳೆ. ಕಿವಿ ಹೋದರೇನು, ಯಜಮಾನಿಕೆ ಹೋಗಿಲ್ಲ. ಗಿರಣಿಯ ಕಬ್ಬಿಣದ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಕಲ್ಲಿನ ಹಲ್ಲು ಸವದಾವು, ನಾಳೆ ಹೊಡಸ್ರಿ" ಎಂದಳೆಂದರೆ ಮುಗಿಯಿತು. ಹೊಸ ಮೋಟರು, ಫ್ರಿಜ್ಜು, ಸೆಕೆಂಡ್ ಹ್ಯಾಂಡ್ ವ್ಯಾನು, ಏನೇ ಇರಲಿ, ಪಾರ್ವತವ್ವ ಅಂಗೈ ಇಟ್ಟು ಹೂಂ ಅನ್ನದೆ ಹೊಸ್ತಿಲು ದಾಟಿದ್ದಿಲ್ಲ. ಮಗ ಸುಭಾಷನಿಗೆ ಹುಬ್ಬಳ್ಳಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ. ವಾಣಿಶ್ರೀಯ ಕೈ ಹಿಡಿದು, ಬೆರಳ ತುದಿಯ ಜಡ್ಡು ಮುಟ್ಟಿ ನೋಡಿ, "ದುಡಿಯೂ ಹುಡುಗಿ ಐತಿ" ಎಂದು ಒಪ್ಪಿಗೆ ಕೊಟ್ಟಿದ್ದಳು. ಆ ಜಡ್ಡು ಗಿಟಾರಿನ ತಂತಿ ಒತ್ತಿ ಒತ್ತಿ ಆದದ್ದು ಎಂದು ಅವತ್ತು ತವರಿನವರು ಯಾರೂ ತುಟಿ ಪಿಟಕ್ ಅನ್ನಲಿಲ್ಲ.

ಜಡ್ಡು ಮದುವೆಯಾದ ವರ್ಷವೇ ಕರಗಿತು. ಆಮೇಲೆ ರೊಟ್ಟಿ ಬಡಿದು ಅಂಗೈಗೆ ಬೇರೆ ಜಡ್ಡು ಬಂತು. ಮಗಳು ಶಿಲ್ಪಾ ಹುಟ್ಟಿದಳು, ಕಾಲೇಜಿಗೂ ಬಂದಳು. ವಾಣಿಶ್ರೀ ಗಿರಣಿಯಲ್ಲಿ ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಹಿಡಿದುಕೊಂಡು ನಿಂತಾಗ ಎಡಗೈ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆ ಬಟ್ಟೆಯ ಮೇಲೆ ಒತ್ತುತ್ತ, ಜಾರುತ್ತ, ಮತ್ತೆ ಒತ್ತುತ್ತ ಇರುತ್ತಿದ್ದವು. ಗೋಧಿ ಬೀಸಿಸಲು ಬಂದ ಹೈಸ್ಕೂಲು ಟೀಚರು ಪ್ರತಿಭಾ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಅಕ್ಕಾ, ನೀವು ಗಿಟಾರ್ ನುಡಿಸ್ತೀರಲ್ದಾ?" ಎಂದು ಕಿವಿಯ ಹತ್ತಿರ ಬಂದು ಕೂಗಿದಳು. "ಈ ಬೆರಳು ಸುಮ್ನೆ ಆಡೂ ಬೆರಳಲ್ಲ."

ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ವಾಣಿಶ್ರೀ ಕೈ ಹಿಂದಕ್ಕೆ ತೆಗೆದುಕೊಂಡಳು. ಪ್ರತಿಭಾ ಬಿಡಲಿಲ್ಲ. ಹೆಣ್ಣುಮಕ್ಕಳೇ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟುತ್ತಿದ್ದೇವೆ, ರಾಜ್ಯೋತ್ಸವಕ್ಕೆ ಮೊದಲ ಕಾರ್ಯಕ್ರಮ, ಹಳೆಯ ಸಿನಿಮಾ ಹಾಡುಗಳು, ಡ್ರಮ್ ಇದೆ, ಕೀಬೋರ್ಡ್ ಇದೆ, ಗಿಟಾರಿಗೆ ಜನ ಇಲ್ಲ ಎಂದು ಎಲ್ಲವನ್ನೂ ಮೋಟರಿನ ಸದ್ದಿನೊಳಗೆ ಕೂಗಿ ಹೇಳಿ ಹೋದಳು. ಅವತ್ತು ವಾಣಿಶ್ರೀ ಎರಡು ಗಿರಾಕಿಗಳ ಹಿಟ್ಟು ಅದಲುಬದಲು ಮಾಡಿದಳು.

ಮಾತು ಹೊರಬಿದ್ದದ್ದು ರಾತ್ರಿಯ ಊಟದಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು.

"ನಾ ಒಂದು ಗಿಟಾರ್ ತಗೋಬೇಕಂತ ಮಾಡೇನಿ," ಎಂದಳು.

"ಯಾರಿಗೆ, ಶಿಲ್ಪಾಗ?" ಎಂದ ಸುಭಾಷ್.

"ನನಗ."

"ನೀ ಏನ್ ಮಾಡ್ತಿ ಅದನ್ನ ತಗೊಂಡು?"

"ಬಾರಸ್ತೀನಿ. ಅದರಲೆ ರೊಟ್ಟಿ ಬಡಿಯಾಕ ಬರ್ತೈತೇನ್ರಿ?"

ಶಿಲ್ಪಾ ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕಳು. ಪಾರ್ವತವ್ವನಿಗೆ ಎಲ್ಲರ ತುಟಿ ಆಡಿದ್ದು ಕಾಣಿಸಿತು. "ಏನಂತ? ಜೋರಾಗಿ ಹೇಳ್ರಿ," ಎಂದಳು. ಇದೇ ಆ ಮನೆಯ ಕಷ್ಟ. ಮುದುಕಿಗೆ ತಿಳಿಯುವ ಹಾಗೆ ಹೇಳಿದರೆ ಓಣಿಗೆಲ್ಲ ತಿಳಿಯುತ್ತದೆ. ಸುಭಾಷ್ ಗಂಟಲು ಹರಿಯುವ ಹಾಗೆ ಕೂಗಿದ: "ಗಿಟಾರ್ ತಗೋತಾಳಂತಬೇ. ಸ್ಟೇಜಿನ ಮ್ಯಾಲೆ ಬಾರ್ಸಾಕ ಹೋಗ್ತಾಳಂತ."

"ಸ್ಟೇಜಿನ ಮ್ಯಾಲೆ ಯಾಕ?" ಪಾರ್ವತವ್ವನೂ ಕೂಗಿದಳು. ಕಿವುಡರಿಗೆ ತಮ್ಮ ಧ್ವನಿಯ ಅಳತೆ ಸಿಕ್ಕುವುದಿಲ್ಲ. "ಸಂಜೀ ಗಿರಾಕಿ ಯಾರ ನೋಡ್ತಾರ? ನಾ ಹೆಣಾನ ಹಂಗ ಒಬ್ಬಾಕಿ ಕುಂದ್ರಬೇಕೇನು?"

"ವಾರದಾಗ ಎರಡು ಸಂಜಿ ಅತ್ತಿ, ಅಷ್ಟ," ಎಂದು ವಾಣಿಶ್ರೀ ಬೆರಳು ತೋರಿಸಿದಳು. "ರೊಟ್ಟಿ ಚಟ್ನಿಪುಡಿ ಮಾರಿದ್ದು ನನ್ನ ದುಡ್ಡೈತಿ. ಯಾರನ್ನೂ ಕೇಳೂದಿಲ್ಲ."

ಮರುದಿನ ಬೆಳಗ್ಗೆ ಎದುರು ಮನೆಯ ಗುರುಶಾಂತವ್ವ ಜೋಳದ ಚೀಲ ಇಳಿಸುತ್ತಲೇ ಶುರು ಮಾಡಿದಳು. "ಅದೇನೋ ಸ್ಟೇಜಂತಲ್ಲವಾ ವಾಣೀ. ಮಗಳು ಲಗ್ನಕ್ಕ ಬರೂ ವಯಸ್ಸಿನ್ಯಾಗ ತಾಯಿಗೆ ಹುರುಪು ಬಂತಲ್ಲ." ವಾಣಿಶ್ರೀ ಮೋಟರಿನ ಬಟನ್ ಒತ್ತಿದಳು. ಗಿರಣಿಯಿಂದ ಆಗುವ ಒಂದು ಉಪಕಾರವೆಂದರೆ ಇದು.

ಎರಡು ದಿನ ಮುಖ ಊದಿಸಿಕೊಂಡಿದ್ದ ಸುಭಾಷ್ ಮೂರನೆಯ ದಿನ ಚಹಾ ಕುಡಿಯುತ್ತ ಮೆತ್ತಗಾದ. ಕೆಟ್ಟವನಲ್ಲ ಅವನು, ಅವ್ವನಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದವನು, ಅಷ್ಟೇ. "ತಗೋ. ಆದ್ರ ಅವ್ವ ನೋಡಿ ಹೂಂ ಅನ್ನಬೇಕು. ಸ್ಟೇಜಿನ ಮಾತು ಆಮ್ಯಾಲ ನೋಡೋಣು," ಎಂದ.

ಶಿಲ್ಪಾ ಫೋನಿನಲ್ಲಿ ಹುಡುಕಿದಳು. ಹೊಸವು ಬೇಕಾದಷ್ಟಿದ್ದವು, ತೆಳ್ಳಗಿನ, ಗಟ್ಟಿ ಹಲಗೆಯ ಗಿಟಾರುಗಳು. ವಾಣಿಶ್ರೀಗೆ ಅವು ಬೇಡ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವಳ ಸೋದರಮಾವ ಕಲಿಸಿದ್ದು ಅರ್ಧ ಟೊಳ್ಳಿನ ಗಿಟಾರಿನ ಮೇಲೆ. ಪಕ್ಕದಲ್ಲಿ ಪಿಟೀಲಿಗಿದ್ದ ಹಾಗೆ ಎರಡು ಉದ್ದನೆಯ ತೂತು, ಸ್ಪೀಕರಿಗೆ ಜೋಡಿಸಿದರೆ ದುಂಡನೆಯ, ಬೆಚ್ಚನೆಯ ಧ್ವನಿ. ಹಳೆಯ ಹಾಡುಗಳಿಗೆ ಅದೇ ಸೈ. ಹೊಸದು ಅವಳ ಕೈಗೆ ಎಟಕುವ ಬೆಲೆಯಲ್ಲ. ಯಾರಾದರೂ ಬಳಸಿ ಬಿಟ್ಟದ್ದೇ ಆಗಬೇಕು.

ಮೊದಲು ಸಿಕ್ಕಿದ್ದು ಸಿದ್ದಾಪುರದಲ್ಲಿ. ಭಾನುವಾರ ಗಂಡ ಹೆಂಡತಿ ಬೈಕಿನ ಮೇಲೆ ಹೋದರು. ಉಲ್ಲಾಸ ಎಂಬ ಹುಡುಗ, ನೌಕರಿ ಸಿಕ್ಕ ಮೇಲೆ ಗಿಟಾರು ಮುಟ್ಟಿಲ್ಲವಂತೆ. ಪೆಟ್ಟಿಗೆಯಿಂದ ತೆಗೆದು ಸೋಫಾದ ಮೇಲೆ ಮಲಗಿಸಿದ. ಕನ್ನಡಿಯಂಥ ಪಾಲಿಶು. ಸುಭಾಷ್ ನೋಡಿದ ಕೂಡಲೇ "ಹೊಸದರಂಗs ಐತಲ್ಲ" ಎಂದ. ವಾಣಿಶ್ರೀ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತಿನ ಉದ್ದಕ್ಕೂ ನೋಟ ಹಾಯಿಸಿದಳು. ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಒಂದೊಂದು ಮನೆಯಲ್ಲೂ ತಂತಿ ಒತ್ತಿ ನೋಡಿದಳು. ಅರ್ಧಕ್ಕರ್ಧ ಕಡೆ ಝರ್ ಎಂದು ಕೆರೆಯಿತು. ತೂತಿಗೆ ಮೂಗು ಹಿಡಿದರೆ ಬೂಷ್ಟಿನ ವಾಸನೆ.

"ಬ್ಯಾಡ್ರಿ," ಎಂದಳು.

ಹೊರಗೆ ಬಂದು ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಸುಭಾಷ್ ಗೊಣಗಿದ. "ಇಲ್ಲೀ ತನಕ ಬಂದು ಬ್ಯಾಡಂದಿ. ಮನ್ಯಾಗ ಟೈಮ್ ಪಾಸಿಗೆ ಬಾರ್ಸೂದಕ್ಕ ಇಷ್ಟು ನೋಡಬೇಕೇನು?"

"ಟೈಮ್ ಪಾಸಿಗೆ ಅಂತ ನಾ ಯಾವಾಗ ಅಂದೆ?"

ಅವನು ತಲೆಯೆತ್ತಿ ನೋಡಿದ. ಅವಳು ಬನ್ಸ್ ಹರಿದು ಚಟ್ನಿಯಲ್ಲಿ ಅದ್ದುತ್ತಿದ್ದಳು. "ನಾ ಒಂದ್ಸಲ ಆದ್ರೂ ಈ ಗಿರಣಿ ಸದ್ದು ಬಿಟ್ಟು ಬ್ಯಾರೆ ಸದ್ದಿನ್ಯಾಗ ನಿಂದರಬೇಕ್ರಿ. ಇಲ್ಲಂದ್ರ ನನ್ನ ಕಿವೀನೂ ಅತ್ತಿ ಕಿವಿ ಆದಂಗs," ಎಂದಳು. ಅವನು ಇನ್ನೊಂದು ಚಹಾ ಹೇಳಿದ.

ಮನೆಗೆ ಬಂದರೆ ಪಾರ್ವತವ್ವ ಊಟ ಬಿಟ್ಟು ಕೂತಿದ್ದಳು. ತನ್ನನ್ನು ಬಿಟ್ಟು ನೋಡಲು ಹೋದರಲ್ಲ ಎಂದು. "ಈ ಮನ್ಯಾಗ ನಾ ಮುಟ್ಟದs ಏನರೆ ಬಂದೈತೇನು? ಇನ್ನೂ ಸತ್ತಿಲ್ಲ ನಾ." ಅನ್ನ ಆರಿ ಗಟ್ಟಿಯಾಗಿತ್ತು. ಶಿಲ್ಪಾ ಕಲಸಿ ತುತ್ತು ಹಿಡಿದ ಮೇಲೆಯೇ ಬಾಯಿ ತೆರೆದದ್ದು.

ಹಾಗಾಗಿ ಮುಂದಿನ ಭಾನುವಾರ ಯಲ್ಲಾಪುರಕ್ಕೆ ಹೊರಟಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಪಾರ್ವತವ್ವ, ಹಿಂದೆ ತಾಯಿ ಮಗಳು. ಅರಬೈಲ್ ಕಡೆಯ ರಸ್ತೆಯಲ್ಲಿ ಶಾಂತಾರಾಮರ ಮನೆ. ಗೋವಾದ ಹೋಟೆಲುಗಳಲ್ಲಿ ಗಿಟಾರು ನುಡಿಸಿ ಬದುಕಿದವರು. ಕೈ ನಡುಕ ಬಂದ ಮೇಲೆ ಊರಿಗೆ ಮರಳಿದ್ದರು. ಇಟ್ಟುಕೊಂಡು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದು ಎರಡು ಗಿಟಾರನ್ನೂ ಮಾರಲು ತೆಗೆದಿದ್ದರು.

"ನೋಡಿ, ಈ ಕೆಂಪಿನದು ಅರ್ಧ ಟೊಳ್ಳು," ಎಂದರು. "ಒಳಗೆ ನಡುವೆ ಉದ್ದಕ್ಕೂ ಕಟ್ಟಿಗೆ ತುಂಡು ಕೂರಿಸಿದ್ದಾರೆ. ಪಕ್ಕದಲ್ಲಿ ಡ್ರಮ್ ಎಷ್ಟು ಬಡಿದ್ರೂ ಇದು ತಡ್ಕೊಳ್ತದೆ. ಈ ಕಂದು ಬಣ್ಣದ್ದು ಪೂರಾ ಟೊಳ್ಳು. ಕರೆಂಟ್ ಇಲ್ದಿದ್ರೂ ಮನೆ ತುಂಬ ಕೇಳ್ತದೆ. ಆದ್ರೆ ದೊಡ್ಡ ಸ್ಪೀಕರ್ ಎದುರಿಗೆ ಹೋದ್ರೆ ಆ ಸದ್ದು ಇದರ ಹೊಟ್ಟೆಗೇ ಹೊಕ್ಕು ಊಳಿಡ್ತದೆ. ನಿಮಗೆ ಎಂತಕ್ಕೆ ಬೇಕು?"

"ಸ್ಟೇಜಿಗೆ," ಎಂದಳು ವಾಣಿಶ್ರೀ, ಗಂಡನ ಮುಖ ನೋಡದೆ.

ಕೆಂಪು ಗಿಟಾರನ್ನು ಸಣ್ಣ ಸ್ಪೀಕರಿಗೆ ಜೋಡಿಸಿ ಕೊಟ್ಟರು. ಕತ್ತು ನೇರ. ಎಲ್ಲೂ ಕೆರೆಯಲಿಲ್ಲ. ಬೆರಳು ಮೊದಲು ತಡವರಿಸಿದವು, ಮೆತ್ತಗಿನ ತುದಿಗಳಿಗೆ ತಂತಿ ಚುಚ್ಚಿತು. ಆಮೇಲೆ ಎಲ್ಲಿಂದ ನೆನಪಾಯಿತೋ, ಮಾವ ಹೇಳಿಕೊಟ್ಟ ಒಂದು ಹಾಡಿನ ನಡುವಿನ ತುಣುಕು ಪೂರ್ತಿಯಾಗಿ ಕೈಗೆ ಬಂತು. ವಾಣಿಶ್ರೀಗೆ ಖುಷಿಯಾಯಿತು. ಎಷ್ಟು ಖುಷಿಯೆಂದರೆ ಅವಳಿಗೆ ಅಳುವೇ ಬರುವುದರಲ್ಲಿತ್ತು. ಇದೇ, ಇದನ್ನೇ ಒಯ್ಯುತ್ತೇನೆ ಎಂದು ಮನಸ್ಸಿನಲ್ಲೇ ಸ್ಟೇಜು ಹತ್ತಿ ನಿಂತಾಗಿತ್ತು. ಶಿಲ್ಪಾ ಬಾಯಿ ತೆರೆದು ತಾಯಿಯನ್ನು ನೋಡಿದಳು. ಈ ಹೆಂಗಸನ್ನು ಅವಳು ಹಿಂದೆ ಕಂಡಿರಲಿಲ್ಲ.

"ಇಲ್ಲಿ ತಾ," ಎಂದಳು ಪಾರ್ವತವ್ವ.

ಗಿರಣಿಯ ಹೊಟ್ಟೆ ಮುಟ್ಟುವ ಹಾಗೆಯೇ ಗಿಟಾರಿನ ಬೆನ್ನಿಗೆ ಅಂಗೈ ಹಚ್ಚಿ, "ಓಡಸು" ಎಂದಳು. ವಾಣಿಶ್ರೀ ತಂತಿ ಮೀಟಿದಳು. ಮುದುಕಿ ಕಣ್ಣು ಮುಚ್ಚಿ ಕಾದು, ತಲೆ ಅಲ್ಲಾಡಿಸಿದಳು. "ಇದು ಬಂದ್ ಬಿದ್ದೈತಿ. ಏನೂ ಇಲ್ಲ ಇದರಾಗ. ಅದನ್ನ ತಾ."

ಕಂದು ಗಿಟಾರು ದೊಡ್ಡದು. ಸುಭಾಷ್ ಎತ್ತಿ ಕೊಟ್ಟ. ವಾಣಿಶ್ರೀ ಅದೇ ತುಣುಕನ್ನು ಸ್ಪೀಕರಿಲ್ಲದೆ ಬಾರಿಸಿದಳು. ಪಾರ್ವತವ್ವನ ಅಂಗೈ ಅದರ ಬೆನ್ನಿನ ಮೇಲೆ ಇತ್ತು. ಆಕೆಯ ಮುಖ ಬದಲಾಯಿತು. ಹುಬ್ಬು ಮೇಲೇರಿದವು. ಇನ್ನೊಂದು ಕೈಯನ್ನೂ ತಂದು ಹಚ್ಚಿದಳು. ವಾಣಿಶ್ರೀ ನಿಲ್ಲಿಸಿದಾಗ ಆಕೆಗೆ ಅದು ತಿಳಿಯಿತು, ಮತ್ತೆ ಶುರು ಮಾಡಿದಾಗ ಅದೂ ತಿಳಿಯಿತು.

"ಕೇಳಸ್ತೈತಿ," ಎಂದಳು. ಕೂಗಲಿಲ್ಲ. "ಸುಭಾಷಾ, ನನಗ ಕೇಳಸಾಕತ್ತೈತಿ. ಈಗ ದಪ್ಪಂದು, ಈಗ ಸಣ್ಣಂದು. ಹೌದಲ್ಲೋ?"

ಸುಭಾಷ್ ಮುಖ ಆ ಕಡೆ ತಿರುಗಿಸಿದ. ಎಷ್ಟು ವರ್ಷದಿಂದ ಅವ್ವನ ಜೊತೆ ಕೂಗಿ ಕೂಗಿ ಸೋತವನು. ಕಣ್ಣು ಒದ್ದೆಯಾದದ್ದನ್ನು ಯಾರೂ ನೋಡಬಾರದೆಂದು ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತ. "ಇದನ್ನs ತಗೋಳೋಣು ವಾಣಿ," ಎಂದ.

ಅಲ್ಲ, ನೀವೇ ಹೇಳಿ, ಆ ಹೊತ್ತಿನಲ್ಲಿ ಬೇಡ ಅನ್ನುವ ನಾಲಿಗೆ ಯಾರಿಗಿರುತ್ತದೆ? ಶಾಂತಾರಾಮರು ಹತ್ತಿರ ಬಂದು ಮೆಲ್ಲಗೆ, "ನೀವು ಸ್ಟೇಜಿಗೆ ಅಂದಿದ್ರಲ್ಲ ತಂಗೀ, ಇದು ಅಲ್ಲಿ ನಿಮ್ಮ ಮಾತು ಕೇಳೂದಿಲ್ಲ" ಎಂದರು.

"ಇರ್ಲಿ ಬಿಡ್ರಿ. ಹೆಂಗರ ಮಾಡ್ತೀನಿ," ಎಂದಳು ವಾಣಿಶ್ರೀ. ಮಾಡಿದ ತಪ್ಪು ಇದೊಂದೇ.

"ಹಾಗಾರೆ ದೀಪಾವಳಿ ತನಕ ಕೆಂಪಿನದನ್ನ ಇಟ್ಟಿರ್ತೇನೆ. ಬೇಡ ಅನ್ನಿಸಿದ್ರೆ ಬದಲು ಮಾಡ್ಕೊಂಡು ಹೋಗಿ. ಆಮೇಲೆ ಕಾರವಾರದವ್ರು ಕೇಳಿಟ್ಟಿದ್ದಾರೆ."

ಕಂದು ಗಿಟಾರಿಗೆ ವಿಭೂತಿ ಬಿತ್ತು, ಹೂವು ಬಿತ್ತು, ಮೋಟರಿಗೆ ಒಡೆದ ಹಾಗೇ ಕಾಯಿ ಒಡೆದರು. ಅವತ್ತಿನಿಂದ ಗಿರಣಿ ನಿಂತು ದೀಪ ಹಚ್ಚಿದ ಮೇಲೆ ಪಾರ್ವತವ್ವ ಒಳಗಿನ ಕೋಣೆಯ ಚಾಪೆಯ ಮೇಲೆ ಬಂದು ಕೂರತೊಡಗಿದಳು. ಎದುರಿಗೆ ಸೊಸೆ. ಸೊಸೆಯ ತೊಡೆಯ ಮೇಲೆ ಗಿಟಾರು. ಅದರ ಬೆನ್ನಿಗೆ ಅತ್ತೆಯ ಅಂಗೈ. ಮುಗಿದರೆ "ಇನ್ನೊಂದು" ಎನ್ನುವಳು. ಅರ್ಧ ರೊಟ್ಟಿಗೆ ಸಾಕು ಎನ್ನುತ್ತಿದ್ದವಳು ಎರಡು ರೊಟ್ಟಿ ಉಣ್ಣತೊಡಗಿದಳು. ಗುರುಶಾಂತವ್ವನೂ ಬಂದು ನೋಡಿ, ಮೂಗಿನ ಮೇಲೆ ಬೆರಳಿಟ್ಟು, "ಪುಣ್ಯಾ ಮಾಡಿದಿ ನೋಡು ಪಾರ್ವತೀ, ಇಂಥಾ ಸೊಸಿ ಯಾರಿಗೈತಿ" ಎಂದು ಕೂಗಿ ಹೇಳಿ ಹೋದಳು. ಸುಭಾಷ್ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಹೊಗಳಿಕೆ ಕೇಳುತ್ತ ಕೇಳುತ್ತ ವಾಣಿಶ್ರೀಗೆ ಉಸಿರು ಕಟ್ಟತೊಡಗಿತು.

ಶನಿವಾರ ಪ್ರತಿಭಾಳ ಮನೆಯ ಮಾಳಿಗೆಯಲ್ಲಿ ಅಭ್ಯಾಸ. ಡ್ರಮ್ಮಿನ ಹುಡುಗಿ ಶುರು ಮಾಡಿದಳೋ ಇಲ್ಲವೋ, ಕಂದು ಗಿಟಾರು ಯಾರೂ ಮುಟ್ಟದೆಯೇ ಊಳಿಟ್ಟಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ದೂರ ನಿಂತು ನೋಡಿದರು, ಸ್ಪೀಕರ್ ತಿರುಗಿಸಿ ನೋಡಿದರು. ಕೊನೆಗೆ ಪ್ರತಿಭಾ ತೂತುಗಳಲ್ಲಿ ಹಳೆಯ ಬಟ್ಟೆ ತುರುಕಿ ಕೊಟ್ಟಳು. ಗಂಟಲು ಕಟ್ಟಿದ ಹಾಗೆ ಬಂತು ಧ್ವನಿ, ಆದರೆ ಊಳು ನಿಂತಿತು. ಎರಡು ಹಾಡು ಮುಗಿಯಿತು. ಮೂರನೆಯದರ ನಡುವೆ ಫೋನು.

"ಎಲ್ಲಿದ್ದಿ?" ಸುಭಾಷ್. "ಅವ್ವ ಉಂಡಿಲ್ಲ. ತಟ್ಟಿ ಮುಂದಿಟ್ಟುಕೊಂಡು ಕುಂತಾಳ."

"ನೀವs ಉಣ್ಣಸ್ರಿ."

"ನಿನ್ನ ಗಿಟಾರ್ ಮುಟ್ಟದs ಉಣ್ಣಾಂಗಿಲ್ಲಂತ. ಬಾ ಈಗ."

ಅವಳು ಬಂದಳು. ಹೀಗೇ ಮರುದಿನ, ಹೀಗೇ ಮುಂದಿನ ಶನಿವಾರ. ಹೋಗುವಾಗ ಬಟ್ಟೆ ತುರುಕುವುದು, ಬಂದ ಮೇಲೆ ಶಿಲ್ಪಾಳ ಹುಬ್ಬು ಕೀಳುವ ಚಿಮಟದಿಂದ ಬಟ್ಟೆ ಎಳೆಯುವುದು. ಒಂದು ಭಾನುವಾರ ಫೋನು ಬಂದ ಗಡಿಬಿಡಿಯಲ್ಲಿ ಓಡಿ ಬಂದವಳು ಬಟ್ಟೆ ತೆಗೆಯುವುದನ್ನು ಮರೆತು ಹಾಗೇ ಕೂತು ಬಾರಿಸಿದಳು. ಪಾರ್ವತವ್ವ ಅಂಗೈ ಇಟ್ಟಳು. ಜಾಗ ಬದಲಿಸಿದಳು. ಎರಡೂ ಕೈ ಇಟ್ಟಳು. ಸೊಸೆಯ ಬೆರಳು ಆಡುತ್ತಿದ್ದವು, ಕೈಗೆ ಏನೂ ಇಲ್ಲ. ಮುದುಕಿಯ ಬಾಯಿ ಸಣ್ಣ ಮಕ್ಕಳ ಹಾಗೆ ಸೊಟ್ಟಗಾಯಿತು. "ಕೈಯೂ ಹೋತು," ಎಂದಳು. "ಸುಭಾಷಾ, ನನ್ನ ಕೈಯೂ ಕಿವುಡಾತೋ." ತಟ್ಟೆ ತಳ್ಳಿದ ರಭಸಕ್ಕೆ ಸಾರು ಚಾಪೆಯ ಮೇಲೆಲ್ಲ ಹರಿಯಿತು.

ವಾಣಿಶ್ರೀ ಅವಸರದಿಂದ ಬಟ್ಟೆ ಎಳೆದು ತೆಗೆದು ತೋರಿಸಿದಳು. ಇದು, ಇದಿತ್ತು ಒಳಗ, ಅತ್ತಿ, ನಿಮ್ಮ ಕೈ ನೆಟ್ಟಗೈತಿ ಎಂದು ಕೂಗಿದಳು. ಪಾರ್ವತವ್ವ ಆ ಬಟ್ಟೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಅಳಸಿದಿ ಅವ್ವನ್ನ," ಎಂದ ಸುಭಾಷ್. "ಈ ವಯಸ್ಸಿನ್ಯಾಗ ಅಕಿಗೆ ಸಿಕ್ಕಿದ್ದು ಇದೊಂದು."

"ಮಮ್ಮಿಗೆ ಏನ್ ಸಿಕ್ಕೈತಿ ಪಪ್ಪಾ?" ಎಂದಳು ಶಿಲ್ಪಾ, ಸಾರು ಒರೆಸುತ್ತ. "ಅದನ್ನ ಬದಲಿ ಮಾಡಿ ಕೆಂಪಂದು ತರೋಣು. ಅವ್ರು ಇಟ್ಟಿರ್ತೀನಿ ಅಂದಾರ."

"ನಿನಗ ತಿಳಿಯೂದಿಲ್ಲ, ಸುಮ್ಮನಿರು."

"ಎಲ್ಲಾ ತಿಳಿತೈತಿ. ಅಜ್ಜಿಗೆ ಮಷಿನ್ ಹಾಕ್ಕೊ ಅನ್ನಾಕ ನಿಮಗ ಆಗೂದಿಲ್ಲ. ಅದಕ್ಕ ಮಮ್ಮೀನ ಮಷಿನ್ ಮಾಡೀರಿ."

ಸುಭಾಷ್ ಕೈ ಎತ್ತಿದ, ಹೊಡೆಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡು ಗಿರಣಿಯ ಕಡೆ ಹೋದ.

ದೀಪಾವಳಿ ಹತ್ತಿರ ಬಂತು. ಕಡಲೆಹಿಟ್ಟು, ಅಕ್ಕಿಹಿಟ್ಟು ಬೀಸಿಸುವವರ ಸಾಲು ಓಣಿಯ ತನಕ. ನಡುವೆ ಒಂದು ಮಧ್ಯಾಹ್ನ ಶಿಲ್ಪಾ ಯಲ್ಲಾಪುರದ ನಂಬರು ಹಚ್ಚಿ ಫೋನನ್ನು ತಾಯಿಯ ಕೈಗೆ ಕೊಟ್ಟಳು. ವಾಣಿಶ್ರೀ ಹಿತ್ತಲಿಗೆ ಓಡಿ ಒಂದು ಕಿವಿ ಮುಚ್ಚಿಕೊಂಡು ನಿಂತಳು.

"ನಾಳೆ ಒಳಗೆ ಬನ್ನಿ ತಂಗೀ," ಎಂದರು ಶಾಂತಾರಾಮರು. "ಕಾರವಾರದವ್ರು ನಾಡಿದ್ದು ಬರ್ತಾರೆ. ಬರ್ತೀರೋ ಇಲ್ವೋ ಅಷ್ಟು ಹೇಳಿ."

ಹಿತ್ತಲಿನ ಬಾಗಿಲಲ್ಲಿ ಪಾರ್ವತವ್ವ ನಿಂತಿದ್ದಳು. ಹಂಡೆಯ ನೀರಿಗೆ ಬಂದವಳು. ಸೊಸೆ ಫೋನಿನಲ್ಲಿರುವುದನ್ನು ನೋಡಿ, ಮುಗಿದ ಮೇಲೆ ಬಾ ಎನ್ನುವಂತೆ ಬೆರಳಿನಿಂದ ತಂತಿ ಮೀಟಿದ ಹಾಗೆ ಸನ್ನೆ ಮಾಡಿ ನಕ್ಕಳು. ಬರುತ್ತೇನೆ ಎಂದು ಹೇಳಲೆಂದೇ ವಾಣಿಶ್ರೀ ಫೋನು ಹಿಡಿದಿದ್ದಳು. ಆ ನಗುವಿನ ಮೇಲೆ ಅವಳಿಗೆ ಸಿಟ್ಟು ಬಂತು. ಇವಳು ಬೈಯಬಾರದಿತ್ತೇ, ಮೊದಲಿನ ಹಾಗೆ ಜಗಳ ತೆಗೆಯಬಾರದಿತ್ತೇ, ಆಗ ಎದ್ದು ಹೋಗುವುದು ಎಷ್ಟು ಸುಲಭವಿತ್ತು ಎನ್ನಿಸಿತು.

"ಅವರಿಗೇ ಕೊಟ್ಟುಬಿಡ್ರಿ," ಎಂದು ಫೋನು ಇಟ್ಟಳು.

ನನ್ನಿಂದ ಆಗುವುದಿಲ್ಲ ಎಂದು ವಾಣಿಶ್ರೀ ಹೇಳಿ ಕಳಿಸಿದಾಗ ಪ್ರತಿಭಾ ಸಿಟ್ಟು ಮಾಡಲಿಲ್ಲ. ಹಬ್ಬ ಮುಗಿಯುತ್ತಲೇ ಗಿರಣಿಗೆ ಬಂದು, "ಹಾನಗಲ್ಲಿನ ಹುಡುಗಿ ಒಬ್ಳು ಸಿಕ್ಕಿದಾಳೆ ಅಕ್ಕಾ, ಈ ಸಲಕ್ಕೆ ಅವಳೇ ನುಡಿಸ್ತಾಳೆ. ಮುಂದಿನ ಸಲ ನೀವು" ಎಂದಳು. ಮುಂದಿನ ಸಲ ಎಂಬ ಮಾತನ್ನು ಇಬ್ಬರೂ ನಂಬಲಿಲ್ಲ. ವಾಣಿಶ್ರೀ ಅವಳ ಗೋಧಿಯನ್ನು ಬಹಳ ಸಣ್ಣಗೆ ಬೀಸಿ ಕೊಟ್ಟಳು.

ರಾಜ್ಯೋತ್ಸವದ ಸಂಜೆ ಸುಭಾಷನೂ ಶಿಲ್ಪಾಳೂ ಕಾರ್ಯಕ್ರಮಕ್ಕೆ ಹೋದರು. ಶಿಲ್ಪಾ ಹೋಗಲ್ಲ ಎಂದು ಹಟ ಹಿಡಿದಿದ್ದಳು. ನೋಡಿ ಬಂದು ಹೇಳು ಎಂದು ವಾಣಿಶ್ರೀಯೇ ಕಳಿಸಿದಳು. ಗಿರಣಿ ರಜೆ. ಸದ್ದಿಲ್ಲದ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಕಿಟಕಿಯಿಂದ ಮೈಕಿನ ಮಾತು, ಅದರ ಹಿಂದೆ ಡ್ರಮ್ಮು. ಹಾನಗಲ್ಲಿನ ಹುಡುಗಿ ಚೆನ್ನಾಗಿಯೇ ಬಾರಿಸುತ್ತಿದ್ದಳು. ಒಂದು ಕಡೆ ತಪ್ಪಿದಳು. ಆ ಜಾಗದಲ್ಲಿ ವಾಣಿಶ್ರೀಯ ಬೆರಳು ತಪ್ಪುತ್ತಿರಲಿಲ್ಲ.

ಪಾರ್ವತವ್ವ ಚಾಪೆ ಹಾಸಿಕೊಂಡು, ಗಿಟಾರನ್ನು ತಾನೇ ಎರಡೂ ಕೈಯಿಂದ ಎತ್ತಿ ತಂದು ಸೊಸೆಯ ತೊಡೆಯ ಮೇಲಿಟ್ಟಳು. ವಾಣಿಶ್ರೀ ಬಾರಿಸಿದಳು. ದೂರದಲ್ಲಿ ಯಾವ ಹಾಡು ನಡೆದಿತ್ತೋ ಅದನ್ನೇ, ಅದಕ್ಕಿಂತ ಜೋರಾಗಿ, ತಂತಿ ಹರಿದರೆ ಹರಿಯಲಿ ಎನ್ನುವಂತೆ. ಬೆರಳ ತುದಿಯಲ್ಲಿ ಹಳೆಯ ಜಾಗದಲ್ಲೇ ಜಡ್ಡು ಕಟ್ಟಿತ್ತು, ನೋವೂ ಆಗಲಿಲ್ಲ.

"ಇವತ್ತ ಸಿಟ್ಟೀಲೆ ಬಾರಸಾಕತ್ತಿ," ಎಂದಳು ಪಾರ್ವತವ್ವ, ಕಣ್ಣು ಮುಚ್ಚಿಕೊಂಡೇ.

ವಾಣಿಶ್ರೀಯ ಕೈ ನಿಂತಿತು.

"ಯಲ್ಲಾಪುರದಾಗ ನಿನಗ ಆ ಕೆಂಪಂದು ಬೇಕಾಗಿತ್ತು. ಅದನ್ನ ಹಿಡಕೊಂಡಾಗ ನಿನ್ನ ಮುಖ ನೋಡಿದ್ನಿ ನಾ. ಲಗ್ನಾಗಿ ಬಂದಾಗಿಂದ ಒಂದಿನಾನೂ ಹಂಗಿರಲಿಲ್ಲ ಆ ಮುಖ."

ಕೂಗಬೇಕು ಎಂಬುದೂ ಮರೆತುಹೋಯಿತು ವಾಣಿಶ್ರೀಗೆ. "ಗೊತ್ತಿತ್ತs? ಗೊತ್ತಿದ್ದೂ ಸುಮ್ಮನಿದ್ರೇನ್ರಿ?" ಎಂದು ಇದ್ದ ಧ್ವನಿಯಲ್ಲೇ ಕೇಳಿದಳು. ಮುದುಕಿ ಕಣ್ಣು ತೆರೆದು ಸೊಸೆಯ ತುಟಿಗಳನ್ನೇ ನೋಡುತ್ತಿದ್ದಳು.

"ಗೊತ್ತಿತ್ತು. ಬಟ್ಟಿ ತುರುಕಿದ್ದು ಯಾಕಂತಾನೂ ಗೊತ್ತಾತು. ಆದ್ರ ನನಗ ಇದು ಕೇಳಸ್ತೈತಲ್ಲವಾ." ಹೇಳುವಾಗ ಆಕೆಗೆ ನಾಚಿಕೆಯೂ ಇರಲಿಲ್ಲ, ಹಮ್ಮೂ ಇರಲಿಲ್ಲ, ಹಸಿದವರು ಹಸಿವೆ ಅಂದ ಹಾಗಿತ್ತು. "ನಾ ಇರೂ ತನಕ ಅಷ್ಟ. ಆಮ್ಯಾಲ ನಿನಗ ಬೇಕಾದ್ದು ತಗೋ, ಬೇಕಾದಲ್ಲೆ ಹೋಗಿ ಬಾರ್ಸು. ಯಾರೂ ನಿನ್ನ ಕೇಳೂದಿಲ್ಲ."

ಸೊಸೆಯ ಬಲಗೈಯನ್ನು ಹಿಡಿದು ತಂತಿಯ ಮೇಲೆ ತಂದಿಟ್ಟಳು. ತನ್ನ ಅಂಗೈಯನ್ನು ಗಿಟಾರಿನ ಬೆನ್ನಿಗೆ ಹಚ್ಚಿ ಮತ್ತೆ ಕಣ್ಣು ಮುಚ್ಚಿದಳು. "ಹೂಂ. ಬಾರ್ಸು."

ನಾ ಇರೂ ತನಕ. ಇನ್ನೆಷ್ಟು ದಿನ ಇದ್ದಾಳು ಎಂದು ವಾಣಿಶ್ರೀಯ ಮನಸ್ಸು ಕೇಳಿತು. ಆ ಅಂಗೈಗೆ ಇದೂ ತಿಳಿದುಬಿಟ್ಟೀತು ಎಂದು ಹೆದರಿ, ಮೆಲ್ಲಗೆ, ಆದಷ್ಟು ಮೆಲ್ಲಗೆ ಬಾರಿಸತೊಡಗಿದಳು.